ಪೊಟ್ಸುವೊಲಿಯ ಮೂರು ಕಂಬಗಳು

ನೇಪಲ್ಸ್‌ಗೆ ಹೋದವರೆಲ್ಲ ಪಾಂಪೆಯ ರೈಲು ಹತ್ತುತ್ತಾರೆ. ನನ್ನನ್ನು ಕೇಳಿದವರಿಗೆ, ಒಂದು ಮಧ್ಯಾಹ್ನ ಪಶ್ಚಿಮದ ಕಡೆಯ ಲೋಕಲ್ ಹಿಡಿದು ಪೊಟ್ಸುವೊಲಿಗೂ ಹೋಗಿ ಬನ್ನಿ ಎನ್ನುತ್ತೇನೆ. ರೋಮಿನವರ ಕಾಲಕ್ಕೆ ಅದು ದೊಡ್ಡ ಬಂದರು. ಮಲಬಾರಿನ ಕಾಳುಮೆಣಸು ಅಲೆಕ್ಸಾಂಡ್ರಿಯ ದಾಟಿ ಇಲ್ಲಿಗೇ ಬಂದಿಳಿಯುತ್ತಿತ್ತು.

ಬಂದರಿನ ಹತ್ತಿರವೇ, ಊರ ನಡುವೆ, ರಸ್ತೆಗಿಂತ ತಗ್ಗಿನಲ್ಲಿ ಹಳೆಯ ಮಾರುಕಟ್ಟೆ ಇದೆ. ಕಟ್ಟಿದ್ದು ಕ್ರಿ.ಶ. ಒಂದನೇ ಶತಮಾನದ ಕೊನೆಯ ಹೊತ್ತಿಗೆ. ನಾನು ಬೇಲಿಯ ಸುತ್ತ ನಡೆದೇ ನೋಡಿದೆ. ಮೇಲಿನಿಂದ ನೋಡುವುದೇ ಒಳ್ಳೆಯದು, ಅಂಗಳ, ನಡುವಿನ ದುಂಡು ಕಟ್ಟೆ, ಸುತ್ತಲಿನ ಅಂಗಡಿ ಸಾಲು ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. 1750ರಲ್ಲಿ ಅಗೆಯುವಾಗ ಸೆರಾಪಿಸ್ ದೇವರ ಮೂರ್ತಿ ಸಿಕ್ಕಿತೆಂದು ಇದನ್ನು ಬಹುಕಾಲ ದೇವಸ್ಥಾನ ಎಂದೇ ಕರೆದರು. ಹಿಂದಿನ ಮೂಲೆಗಳಲ್ಲಿ ಸಾರ್ವಜನಿಕ ಪಾಯಿಖಾನೆ ಇದ್ದರೂ!

ನೋಡಬೇಕಾದದ್ದು ಮಾತ್ರ ಇನ್ನೂ ನಿಂತಿರುವ ಮೂರು ಅಮೃತಶಿಲೆಯ ಕಂಬಗಳನ್ನು. ಎತ್ತರ ಸುಮಾರು 12 ಮೀಟರ್. ಫೋಟೊ ತೆಗೆದು ಹೊರಡಬೇಡಿ, ಬಿಸಿಲು ಓರೆಯಾಗುವವರೆಗೆ ಕಾಯಿರಿ. ಆಗ ಕಂಬದ ಮೈ ಬಿಡಿಸಿ ಕಾಣುತ್ತದೆ. ಬುಡದಿಂದ ಮೂರೂವರೆ ಮೀಟರಿನಷ್ಟು ನುಣುಪು. ಅದರ ಮೇಲೆ ಹೆಚ್ಚುಕಮ್ಮಿ ಎರಡೂವರೆ ಮೀಟರ್ ಪಟ್ಟಿ ಪೂರ್ತಿ, ಹಳೇ ಮನೆಯ ತೊಲೆಗೆ ನುಸಿ ಹಿಡಿದ ಹಾಗೆ, ತೂತೋ ತೂತು. ಅದರಿಂದಾಚೆ ಮತ್ತೆ ನುಣುಪು. ಫೋನಿನ ಕ್ಯಾಮೆರಾವನ್ನು ಜೂಮ್ ಮಾಡಿದರೆ ಒಂದೊಂದು ತೂತಿನ ದುಂಡು ಅಂಚೂ ಕಾಣುತ್ತದೆ.

ಕೊರೆದದ್ದು ಸಮುದ್ರದ ಚಿಪ್ಪುಜೀವಿ, ನಮ್ಮ ಕರಾವಳಿಯ ಪಚ್ಚಿಲೆಯ ಕುಲದ್ದೇ. ಅದು ಸುಣ್ಣದಂಶದ ಕಲ್ಲನ್ನು ಕರಗಿಸಿ ಒಳಗೆ ಮನೆ ಮಾಡುತ್ತದೆ. ಅಂದರೆ ಮಾರುಕಟ್ಟೆಯ ನೆಲ ಅಷ್ಟು ಆಳಕ್ಕೆ ಕುಸಿದು ಸಮುದ್ರದಡಿ ಹೋಗಿತ್ತು. ಬುಡ ಹೂಳಿನಲ್ಲಿ ಹುದುಗಿದ್ದರಿಂದ ಬಚಾವಾಯಿತು. ಆಮೇಲೆ ನೆಲ ಮತ್ತೆ ಮೇಲೆದ್ದಿತು, ಈ ಮೂರು ಕಂಬ ಮಾತ್ರ ಬೀಳಲಿಲ್ಲ. ಭೂಮಿ ಹೀಗೆ ನಿಧಾನವಾಗಿ ಇಳಿದು ಏರಬಲ್ಲದು ಎಂಬುದಕ್ಕೆ ಸಾಕ್ಷಿಯಾಗಿ ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ 1830ರ ತಮ್ಮ 'ಪ್ರಿನ್ಸಿಪಲ್ಸ್ ಆಫ್ ಜಿಯಾಲಜಿ'ಯ ಮುಖಚಿತ್ರಕ್ಕೆ ಇದೇ ಕಂಬಗಳನ್ನು ಹಾಕಿದರು. ಗಣಿತಜ್ಞ ಬ್ಯಾಬೇಜ್ ಕೂಡ ಇವುಗಳ ಬಗ್ಗೆ ಬರೆದಿದ್ದಾರೆ.

ಇದನ್ನು ಓದಿಕೊಂಡು ಹೋಗದಿದ್ದರೆ ಅಲ್ಲಿ ಹತ್ತು ನಿಮಿಷ ನಿಲ್ಲಲೂ ಕಾರಣ ಸಿಗದು. ಅವಶೇಷ ನೋಡುವಾಗ ಯಾವ ರಾಜ ಕಟ್ಟಿಸಿದ ಎಂದು ಕೇಳುವ ಚಾಳಿ ನಮಗಿದೆ. ಕಟ್ಟಿ ಮುಗಿದ ಮೇಲೆ ಅದಕ್ಕೆ ಏನೇನಾಯಿತು ಎಂದು ಕೇಳುವುದನ್ನು ನಾನು ಕಲಿತದ್ದು ಈ ಬೇಲಿಯ ಪಕ್ಕ.

ನೆಲದ ಈ ಏರಿಳಿತಕ್ಕೆ ಕಾರಣ, ಇಡೀ ಊರು ಕೂತಿರುವುದೇ ಕಾಂಪಿ ಫ್ಲೆಗ್ರೇ ಎಂಬ ಜ್ವಾಲಾಮುಖಿಯ ಬಾಯಿಯಲ್ಲಿ. 1970ರಲ್ಲಿ ಹಳೆಯ ಕೇರಿ ರಿಯೋನೆ ತೆರ್ರಾವನ್ನು ಖಾಲಿ ಮಾಡಿಸಿದರು. 1982–84ರಲ್ಲಿ ನೆಲ ಸುಮಾರು 1.8 ಮೀಟರ್ ಉಬ್ಬಿ, ಸಾವಿರಾರು ಜನ ಊರು ಬಿಟ್ಟರು. 2005ರಿಂದ ಮತ್ತೆ ಏರುತ್ತಿದೆ. ಮೊದಲು ಮಾರುಕಟ್ಟೆಯ ಅಂಗಳದಲ್ಲಿ ನೀರು ನಿಂತಿರುತ್ತಿತ್ತಂತೆ, ಈಗ ಒಣನೆಲ.

ಹಾಗಾಗಿ ಅಲ್ಲಿಂದ ನೇರ ಮೀನುಗಾರರ ಪುಟ್ಟ ದೋಣಿಕಟ್ಟೆಗೆ ನಡೆಯಿರಿ. ಅಲ್ಲಿ ನೀರಿನ ತಳವೂ ನೆಲದೊಂದಿಗೇ ಏರಿರುವುದರಿಂದ ನೀರು ತಗ್ಗಿದಾಗ ದೋಣಿಗಳು ಕೆಸರಿಗೆ ಕೂರುತ್ತವೆ. ಇನ್ನೂ ಹೊತ್ತಿದ್ದರೆ ಗುಡ್ಡದ ಕಡೆ ಫ್ಲಾವಿಯನ್ ಆಂಫಿಥಿಯೇಟರ್ ಇದೆ, ಅದರ ನೆಲಮಾಳಿಗೆ ಚೆನ್ನಾಗಿ ಉಳಿದಿದೆ. ಅದು ತೆರೆದಿದೆಯೇ ಎಂದು ಮಾತ್ರ ಮೊದಲೇ ವಿಚಾರಿಸಿಕೊಳ್ಳಿ.