ಗೋಬರ್ ಅನಿಲದ ಡ್ರಮ್ಮು ಏಕೆ ಇಳಿಯುತ್ತದೆ?



ಬೆಳಿಗ್ಗೆ ಒಲೆ ಹಚ್ಚಹೋದರೆ ಉರಿಯಿಲ್ಲ. ಹೊರಗೆ ಬಂದು ನೋಡಿದರೆ, ರಾತ್ರಿ ಎತ್ತರದಲ್ಲಿದ್ದ ಡ್ರಮ್ಮು ತಳ ಕಂಡಿದೆ. ಮನೆಯ ಹೆಂಗಸರು ಮತ್ತೆ ಸೌದೆಯ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳಬೇಕು. ಇಂಥ ವೇಳೆಯಲ್ಲಿ ಅನೇಕರು ಗುಂಡಿಗೆ ಇನ್ನೆರಡು ಬುಟ್ಟಿ ಸಗಣಿ ಸುರಿಯುತ್ತಾರೆ. ತೂತು ಕೊಡಕ್ಕೆ ಎಷ್ಟು ನೀರು ಸೇದಿ ಹಾಕಿದರೇನು? ಅನಿಲ ಹುಟ್ಟುತ್ತಿಲ್ಲವೋ, ಹುಟ್ಟಿದ್ದು ಸೋರುತ್ತಿದೆಯೋ ಎಂಬುದನ್ನು ಮೊದಲು ತಿಳಿಯಬೇಕು.

ತೇಲುವ ಡ್ರಮ್ಮಿನ ಭಾರವೇ ಅನಿಲವನ್ನು ಒತ್ತಿ ಒಲೆಗೆ ಕಳುಹಿಸುತ್ತದೆ. ಈ ಒತ್ತಡ ಸುಮಾರು 10 ಸೆಂಟಿಮೀಟರ್ ನೀರಿನ ಒತ್ತಡದಷ್ಟು. ಅನಿಲ ಸೋರಿದಂತೆ ಡ್ರಮ್ಮು ಇಳಿಯುತ್ತದೆ. ಅದು ತಳ ಮುಟ್ಟಿದ ಮೇಲೆ ಒತ್ತಡವೂ ಇಲ್ಲ, ಉರಿಯೂ ಇಲ್ಲ.

ರಾತ್ರಿಯ ಪರೀಕ್ಷೆ

ರಾತ್ರಿಯ ಅಡಿಗೆ ಮುಗಿದ ಮೇಲೆ ಡ್ರಮ್ಮಿನ ಮೇಲಿರುವ ಮುಖ್ಯ ವಾಲ್ವನ್ನು ಬಿಗಿಯಾಗಿ ಮುಚ್ಚಿರಿ. ಗುಂಡಿಯ ಗೋಡೆಯಿಂದ ಡ್ರಮ್ಮಿನ ಮೇಲಂಚಿನವರೆಗೆ ಕೋಲಿನಿಂದ ಅಳೆದು ಬರೆದಿಡಿ. ಬೆಳಿಗ್ಗೆ ವಾಲ್ವು ತೆರೆಯುವ ಮೊದಲು ಮತ್ತೆ ಅಳೆಯಿರಿ.

1. ಡ್ರಮ್ಮು ಏರಿದ್ದರೆ: ಅನಿಲ ಹುಟ್ಟುತ್ತಿದೆ, ಡ್ರಮ್ಮೂ ಗಟ್ಟಿಯಾಗಿದೆ. ದೋಷವಿರುವುದು ಕೊಳವೆಯಲ್ಲಿ, ರಬ್ಬರ್ ನಳಿಕೆಯಲ್ಲಿ ಅಥವಾ ಒಲೆಯ ತಿರುಪಿನಲ್ಲಿ.

2. ಚೆನ್ನಾಗಿ ಇಳಿದಿದ್ದರೆ: ಡ್ರಮ್ಮಿನಲ್ಲೋ ವಾಲ್ವಿನ ಬುಡದಲ್ಲೋ ಸೋರಿಕೆಯಿದೆ. ರಾತ್ರಿಯ ತಂಪಿಗೆ ಅನಿಲ ಸ್ವಲ್ಪ ಕುಗ್ಗುವುದು ಸಹಜ; ಆದ್ದರಿಂದ ಎರಡು ರಾತ್ರಿ ಪರೀಕ್ಷಿಸಿ ನಿರ್ಧರಿಸಿರಿ.

3. ಇದ್ದಲ್ಲೇ ಇದ್ದರೆ: ಡ್ರಮ್ಮಿಗೆ ಸಾಬೂನು ನೀರು ಹಚ್ಚಿ ನೋಡಿರಿ. ಸೋರಿಕೆ ಕಾಣದಿದ್ದರೆ ಅನಿಲವೇ ಸಾಕಷ್ಟು ಹುಟ್ಟುತ್ತಿಲ್ಲ. ಚಳಿ, ಸಗಣಿಯ ಕೊರತೆ, ಕೊಟ್ಟಿಗೆಯಿಂದ ಹರಿದುಬಂದ ಫಿನಾಯಿಲ್ ಇದಕ್ಕೆ ಕಾರಣವಾಗಬಹುದು. 2 ಘನ ಮೀಟರ್ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಷ್ಟೇ ನೀರು ಬೇಕು.

ಡ್ರಮ್ಮು ಎತ್ತರದಲ್ಲಿದ್ದೂ ಉರಿ ಕುಣಿಯುತ್ತಿದ್ದರೆ ಅದು ಸೋರಿಕೆಯಲ್ಲ. ಕೊಳವೆಯಲ್ಲಿ ನೀರು ನಿಂತಿದೆ. ಕೊಳವೆಯ ತಗ್ಗಿನಲ್ಲಿರುವ ನಲ್ಲಿಯಿಂದ ಆ ನೀರನ್ನು ಹೊರಬಿಟ್ಟು, ಕೂಡಲೇ ಮುಚ್ಚಿರಿ.

ಸೋರುವ ಜಾಗ ಹುಡುಕುವ ಬಗೆ

ಹಗಲಿನಲ್ಲಿ ಅಡಿಗೆಮನೆಯ ಕಿಟಕಿ ಬಾಗಿಲು ತೆರೆದಿಡಿ. ಒಲೆಯ ತಿರುಪು ಮುಚ್ಚಿ, ಮುಖ್ಯ ವಾಲ್ವು ತೆರೆಯಿರಿ. ಸಾಬೂನಿನ ನೊರೆಯನ್ನು ಪ್ರತಿ ಜೋಡಣೆಗೂ ಹಚ್ಚಿರಿ. ಗುಳ್ಳೆ ಎದ್ದ ಕಡೆ ಸೋರಿಕೆಯಿದೆ. ಜೋಡಣೆಯನ್ನು ಬಿಚ್ಚಿ, ಟೇಪು ಸುತ್ತಿ ಬಿಗಿಮಾಡಿಸಿರಿ. ಬಿರಿದ ರಬ್ಬರ್ ನಳಿಕೆಗೆ ತೇಪೆ ಹಾಕದೆ ಹೊಸದನ್ನೇ ಹಾಕಿರಿ. ಡ್ರಮ್ಮಿನ ತುಕ್ಕು ಹಿಡಿದ ಭಾಗವನ್ನೂ ಬೆಸುಗೆಯನ್ನೂ ಹೀಗೆಯೇ ನೋಡಿರಿ. ವರ್ಷಕ್ಕೊಮ್ಮೆ ತುಕ್ಕು ಉಜ್ಜಿ ಕಪ್ಪು ಬಣ್ಣ ಬಳಿದರೆ ಡ್ರಮ್ಮು ಬಹುಕಾಲ ಬಾಳುತ್ತದೆ.

ಎಚ್ಚರಿಕೆ

ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕಬೇಡಿ. ಈ ಅನಿಲದಲ್ಲಿರುವ ಮೀಥೇನು ಗಾಳಿಯೊಡನೆ ನೂರಕ್ಕೆ 5ರಿಂದ 15ರಷ್ಟು ಬೆರೆತರೆ ಕಿಡಿ ತಾಗಿದೊಡನೆ ಸ್ಫೋಟಿಸುತ್ತದೆ. ಅನಿಲವಿರುವ ಡ್ರಮ್ಮಿಗೆ ಬೆಸುಗೆ ಹಾಕಿಸಬೇಡಿ. ಡ್ರಮ್ಮನ್ನು ಹೊರತೆಗೆದು, ತೊಳೆದು, ಗಾಳಿಗೆ ಬಿಟ್ಟ ನಂತರವೇ ತಿಳಿದ ಮೇಸ್ತ್ರಿಯಿಂದ ಹಾಕಿಸಿರಿ. ಗುಂಡಿಯೊಳಗೆ ಯಾರೂ ಇಳಿಯಕೂಡದು. ಅಲ್ಲಿ ಉಸಿರಾಡುವ ಗಾಳಿಯಿಲ್ಲದೆ ಕ್ಷಣದಲ್ಲಿ ಎಚ್ಚರ ತಪ್ಪುತ್ತದೆ; ಬಿದ್ದವನನ್ನು ಎತ್ತಲು ಹಾರಿದವನೂ ಉಳಿಯಲಾರ.

ರಿಪೇರಿಯಾದ ಮೇಲೆ ರಾತ್ರಿಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿರಿ. ಬೆಳಿಗ್ಗೆ ಡ್ರಮ್ಮು ಏರಿರುವುದನ್ನು ಕಂಡ ಬಳಿಕವೇ ಕೆಲಸ ಮುಗಿಯಿತೆಂದು ತಿಳಿಯಿರಿ.