ಮೈಮೇಲೆ ಕೆಂಪು ಚುಕ್ಕೆ: ಪ್ಲೇಟ್‌ಲೆಟ್ ಇಳಿದರೆ ಎಲ್ಲವೂ ಡೆಂಗಿ ಅಲ್ಲ



ಮಳೆಗಾಲ ಬಂತೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ‘ಪ್ಲೇಟ್‌ಲೆಟ್’ ಎಂಬ ಮಾತು ಎಲ್ಲರ ಬಾಯಲ್ಲೂ ಇರುತ್ತದೆ. ಡೆಂಗಿ ಜ್ವರ ಈ ಪದವನ್ನು ನಮಗೆ ಕಲಿಸಿದೆ. ಆದರೆ ಜ್ವರವೇ ಇಲ್ಲದೆ ಪ್ಲೇಟ್‌ಲೆಟ್ ಇಳಿಯುವ ಕಾಯಿಲೆಯೂ ಇದೆ. ವೈದ್ಯರು ಅದನ್ನು ಐ.ಟಿ.ಪಿ. ಎನ್ನುತ್ತಾರೆ. ಈ ಪಾಠದಲ್ಲಿ ಅದನ್ನು ತಿಳಿಯೋಣ.

ಪ್ಲೇಟ್‌ಲೆಟ್ ಎಂದರೇನು?

ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವ ಅತಿ ಸಣ್ಣ ಕಣಗಳೇ ಪ್ಲೇಟ್‌ಲೆಟ್. ಬಹಳ ಜನ ‘ಬಿಳಿ ರಕ್ತಕಣ ಕಡಿಮೆ ಆಗ್ಯಾವೆ’ ಅಂತಾರೆ. ಬಿಳಿ ರಕ್ತಕಣ ಬೇರೆ, ಪ್ಲೇಟ್‌ಲೆಟ್ ಬೇರೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇವು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರಬೇಕು. ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟಿ, 7ರಿಂದ 10 ದಿನ ಬದುಕುತ್ತವೆ.

ಕಾಯಿಲೆ ಹೇಗೆ ಬರುತ್ತದೆ?

ರೋಗಾಣುಗಳ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾ ಶಕ್ತಿಯೇ ತನ್ನ ಪ್ಲೇಟ್‌ಲೆಟ್‌ಗಳನ್ನು ವೈರಿಗಳೆಂದು ತಿಳಿಯುತ್ತದೆ. ಹೊಲ ಕಾಯಬೇಕಾದ ಬೇಲಿಯೇ ಹೊಲ ಮೇಯ್ದಂತೆ! ಪ್ರತಿಕಾಯಗಳು ಅಂಟಿಕೊಂಡ ಪ್ಲೇಟ್‌ಲೆಟ್‌ಗಳನ್ನು ಗುಲ್ಮ ಎಂಬ ಅಂಗ ನಾಶ ಮಾಡುತ್ತದೆ. 1950ರಲ್ಲಿ ಅಮೆರಿಕಾದ ವೈದ್ಯ ವಿಲಿಯಂ ಹ್ಯಾರಿಂಗ್‌ಟನ್ ಇಂಥ ರೋಗಿಯ ರಕ್ತವನ್ನು ತಾವೇ ಹಾಕಿಸಿಕೊಂಡರು. ಕೆಲವೇ ಗಂಟೆಗಳಲ್ಲಿ ಅವರ ಪ್ಲೇಟ್‌ಲೆಟ್ ಪಾತಾಳಕ್ಕಿಳಿಯಿತು. ಕಾರಣ ರಕ್ತದಲ್ಲೇ ಇದೆ ಎಂದು ಹೀಗೆ ತಿಳಿಯಿತು.

ಇದು ಅಂಟುರೋಗವಲ್ಲ. ದೃಷ್ಟಿಯೂ ಅಲ್ಲ, ಶಾಪವೂ ಅಲ್ಲ.

ಲಕ್ಷಣಗಳು

• ಕಾಲು, ತೋಳುಗಳ ಮೇಲೆ ಸೂಜಿ ಮೊನೆಯಷ್ಟು ಕೆಂಪು ಚುಕ್ಕೆಗಳು. ಬೆರಳಿನಿಂದ ಒತ್ತಿದರೂ ಮಾಯವಾಗುವುದಿಲ್ಲ. ಕಪ್ಪು ಮೈಬಣ್ಣದವರಲ್ಲಿ ಬಾಯೊಳಗೂ ನೋಡಬೇಕು.
• ಪೆಟ್ಟು ಬೀಳದೆ ಮೂಡುವ ನೀಲಿ ಕಲೆಗಳು.
• ಮೂಗು, ವಸಡಿನಲ್ಲಿ ರಕ್ತ.
• ಹೆಣ್ಣುಮಕ್ಕಳಲ್ಲಿ ವಿಪರೀತ ಮುಟ್ಟಿನ ಸ್ರಾವ.

ಮೂಗಿನಲ್ಲಿ ರಕ್ತ ಬಂದರೆ ‘ಉಷ್ಣ ಆಗೈತಿ’ ಎಂದು ಬಿಡುತ್ತೇವೆ. ಮೆಕ್ಕೆಜೋಳದ ಸುಗ್ಗಿಗೆ ಹೋಗುವ ತಾಯಿ ಮೈಮೇಲಿನ ಕಲೆಯನ್ನು ಕೆಲಸದ ಪೆಟ್ಟು ಅಂದುಕೊಳ್ಳುತ್ತಾಳೆ. ಹೆಚ್ಚು ಮುಟ್ಟಾಗುವುದನ್ನು ಯಾರಿಗೂ ಹೇಳುವುದಿಲ್ಲ. ಹೀಗೆಯೇ ತಡವಾಗುವುದು.

ಪರೀಕ್ಷೆ

ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ಸಿ.ಬಿ.ಸಿ. ರಕ್ತ ಪರೀಕ್ಷೆ ಮಾಡಿಸಬೇಕು. ಜೊತೆಗೆ ರಕ್ತದ ಲೇಪವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅಗತ್ಯ. ಡೆಂಗಿ, ರಕ್ತದ ಕ್ಯಾನ್ಸರ್, ಎಚ್.ಐ.ವಿ., ಕೆಲವು ಮಾತ್ರೆಗಳಿಂದಲೂ ಪ್ಲೇಟ್‌ಲೆಟ್ ಇಳಿಯಬಹುದು. ಅವೆಲ್ಲ ಇಲ್ಲವೆಂದು ಖಚಿತವಾದ ಮೇಲೆಯೇ ಐ.ಟಿ.ಪಿ. ಎನ್ನುತ್ತಾರೆ. ಹೆಚ್ಚಿನ ಚಿಕಿತ್ಸೆಗೆ ನಮ್ಮವರು ಬಳ್ಳಾರಿ, ದಾವಣಗೆರೆ, ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗಳಿಗೆ ಹೋಗಬಹುದು. ಹೋಗುವಾಗ ಹಳೆಯ ರಿಪೋರ್ಟುಗಳು, ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್ ಮರೆಯಬಾರದು.

ಚಿಕಿತ್ಸೆ

ಮಕ್ಕಳಲ್ಲಿ: ಶೀತ, ಜ್ವರ ಬಂದುಹೋದ ಎರಡು ಮೂರು ವಾರದಲ್ಲಿ ಈ ಕಾಯಿಲೆ ಕಾಣಿಸಿಕೊಳ್ಳುವುದುಂಟು. ಬಹುಪಾಲು ಮಕ್ಕಳು ಆರು ತಿಂಗಳಿಂದ ಒಂದು ವರ್ಷದೊಳಗೆ ತಾವಾಗಿಯೇ ಗುಣವಾಗುತ್ತಾರೆ. ಚರ್ಮದ ಚುಕ್ಕೆ ಬಿಟ್ಟು ಬೇರೆ ರಕ್ತಸ್ರಾವ ಇಲ್ಲದಿದ್ದರೆ ವೈದ್ಯರು ಔಷಧ ಕೊಡದೆ ಕಾಯಬಹುದು. ‘ಡಾಕ್ಟ್ರು ಏನೂ ಕೊಡಲಿಲ್ಲ’ ಎಂದು ಊರೂರು ಅಲೆದು ಸಾಲ ಮಾಡಬೇಡಿ. ಗಮನಿಸುವುದೂ ಚಿಕಿತ್ಸೆಯೇ.

ದೊಡ್ಡವರಲ್ಲಿ: ಇದು ಹೆಚ್ಚು ಕಾಲ ಉಳಿಯಬಹುದು. ಪ್ಲೇಟ್‌ಲೆಟ್ 30 ಸಾವಿರಕ್ಕಿಂತ ಹೆಚ್ಚಿದ್ದು ರಕ್ತಸ್ರಾವ ಇಲ್ಲದಿದ್ದರೆ ಸಾಮಾನ್ಯವಾಗಿ ಕಾದು ನೋಡುತ್ತಾರೆ. ಅದಕ್ಕಿಂತ ಕಡಿಮೆಯಾದರೆ ಮೊದಲ ಔಷಧ ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್. ಇದರಿಂದ ಸಕ್ಕರೆ, ಬಿ.ಪಿ., ತೂಕ ಹೆಚ್ಚಬಹುದು. ಆದರೂ ವೈದ್ಯರನ್ನು ಕೇಳದೆ ನಡುವೆ ಬಿಡಬಾರದು. ಹಳೆ ಚೀಟಿ ತೋರಿಸಿ ತಿಂಗಳುಗಟ್ಟಲೆ ತಂದು ನುಂಗಲೂಬಾರದು. ತುರ್ತಿನಲ್ಲಿ ಐ.ವಿ.ಐ.ಜಿ. ಎಂಬ ದುಬಾರಿ ಔಷಧವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಇವುಗಳಿಂದ ಗುಣವಾಗದಿದ್ದರೆ ಎಲ್ಟ್ರಾಂಬೋಪ್ಯಾಗ್ ಮಾತ್ರೆ, ರಿಟುಕ್ಸಿಮ್ಯಾಬ್ ಇವೆ. ಗುಲ್ಮ ತೆಗೆಯುವ ಆಪರೇಷನ್ನಿಗೆ ಸಾಮಾನ್ಯವಾಗಿ ಒಂದು ವರ್ಷವಾದರೂ ಕಾಯುತ್ತಾರೆ. ಅದಕ್ಕೆ ಮುಂಚೆ ಲಸಿಕೆಗಳು ಬೇಕು.

ಪ್ಲೇಟ್‌ಲೆಟ್ ಬಾಟಲಿ ಏರಿಸಿದರೆ ಸಾಲದೇ ಎಂದು ಮನೆಯವರು ಒತ್ತಾಯಿಸುತ್ತಾರೆ. ಐ.ಟಿ.ಪಿ.ಯಲ್ಲಿ ಏರಿಸಿದ್ದೂ ಬೇಗ ನಾಶವಾಗುತ್ತದೆ. ಪ್ರಾಣಕ್ಕೆ ಅಪಾಯವಿದ್ದಾಗ ಮಾತ್ರ ಅದು ಬೇಕಾಗುತ್ತದೆ. ಪಪ್ಪಾಯಿ ಎಲೆಯ ರಸವನ್ನು ನಂಬಿ ಆಸ್ಪತ್ರೆ ತಪ್ಪಿಸಬೇಡಿ.

ಮನೆಯಲ್ಲಿ ಎಚ್ಚರ

• ಆಸ್ಪಿರಿನ್, ಬ್ರೂಫೆನ್, ಡೈಕ್ಲೋಫೆನಾಕ್ ಮಾತ್ರೆ ಬೇಡ. ನೋವು, ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು.
• ಸೊಂಟಕ್ಕೆ, ತೋಳಿಗೆ ಸೂಜಿ ಹಾಕಿಸುವ ಮೊದಲು ಕಾಯಿಲೆಯ ವಿಷಯ ತಿಳಿಸಿ. ಹಲ್ಲು ಕೀಳಿಸುವಾಗಲೂ ಅಷ್ಟೇ.
• ಮೆತ್ತನೆಯ ಬ್ರಷ್ ಬಳಸಿ. ಮಕ್ಕಳು ಮರ ಹತ್ತುವುದು, ಬೀಳುವ ಆಟ ಬೇಡ.
• ಗರ್ಭಿಣಿಯರು ಹೆರಿಗೆಗೆ ಮುಂಚೆಯೇ ದೊಡ್ಡಾಸ್ಪತ್ರೆಯಲ್ಲಿ ತೋರಿಸಿಕೊಳ್ಳಬೇಕು.

ವಿಪರೀತ ತಲೆನೋವು, ವಾಂತಿ, ಮಂಪರು, ಫಿಟ್ಸ್, ಕಪ್ಪು ಮಲ, ಮೂತ್ರದಲ್ಲಿ ರಕ್ತ, ನಿಲ್ಲದ ರಕ್ತಸ್ರಾವ, ತಲೆಗೆ ಪೆಟ್ಟು: ಇವುಗಳಲ್ಲಿ ಯಾವುದೇ ಇದ್ದರೂ ಬೆಳಗಾಗುವ ತನಕ ಕಾಯಬೇಡಿ. 108ಕ್ಕೆ ಕರೆ ಮಾಡಿ.

ಸಂಘದ ಸಭೆಯಲ್ಲಿ ಚರ್ಚಿಸಲು

1. ಹೆಚ್ಚು ಮುಟ್ಟಿನ ಸ್ರಾವವನ್ನು ನಾವು ಯಾಕೆ ಮುಚ್ಚಿಡುತ್ತೇವೆ?
2. ಚುಕ್ಕೆ ಕಂಡ ಮಗುವನ್ನು ಮೊದಲು ಎಲ್ಲಿಗೆ ಕರೆದೊಯ್ಯಬೇಕು?
3. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಆಯುಷ್ಮಾನ್ ಕಾರ್ಡ್ ಇನ್ನೂ ಆಗಿಲ್ಲ? ಅವರ ಜೊತೆ ಯಾರು ಹೋಗುತ್ತೀರಿ?

ಈ ಪಾಠವನ್ನು ಓದಲು ಬಾರದ ಒಬ್ಬ ತಾಯಿಗಾದರೂ ಓದಿ ಹೇಳಿರಿ.