ದನಗಳ ಮೇವು, ಜೀರ್ಣಕ್ರಿಯೆ ಮತ್ತು ಮೀಥೇನ್ ಅನಿಲ: ಉಡುತಡಿ ಸೀಮೆಯ ರೈತರಿಗೆ ಕೆಲವು ವಿಚಾರಗಳು

ಅಕ್ಕಮಹಾದೇವಿಯ ಹುಟ್ಟೂರೆಂದು ಹೆಸರಾದ ಉಡುತಡಿಯಿಂದ ಸೊರಬದ ಕಡೆಗೆ ಹೋದಂತೆಲ್ಲ ಬೆಳೆಗಳು ಬದಲಾಗುತ್ತವೆ. ಶಿಕಾರಿಪುರದ ಬಯಲಿನಲ್ಲಿ ಮೆಕ್ಕೆಜೋಳ, ನೀರಿನ ಅನುಕೂಲವಿದ್ದಲ್ಲಿ ಭತ್ತ. ಮುಂದೆ ಸೊರಬದಲ್ಲಿ ಭತ್ತ, ಅಡಿಕೆ, ಶುಂಠಿ, ನಡುನಡುವೆ ಕಾನು. ಆದರೆ ಕೊಟ್ಟಿಗೆಯ ಗೋದಲಿಯಲ್ಲಿ ಅಷ್ಟಾಗಿ ವ್ಯತ್ಯಾಸ ಕಾಣುವುದಿಲ್ಲ. ಮಳೆಗಾಲ ಕಳೆದ ಮೇಲೆ ಎರಡು ತಾಲ್ಲೂಕುಗಳಲ್ಲಿಯೂ ದನಗಳಿಗೆ ಮುಖ್ಯ ಆಹಾರ ಬಣವೆಯಿಂದ ಎಳೆದು ಹಾಕಿದ ಭತ್ತದ ಹುಲ್ಲು, ಇಲ್ಲವೆ ಮೆಕ್ಕೆಜೋಳದ ಒಣದಂಟು. ಈ ಮೇವು ದನದ ಹೊಟ್ಟೆಯಲ್ಲಿ ಏನಾಗುತ್ತದೆ, ಅದರಿಂದ ಹಾಲು ಎಷ್ಟು, ಗಾಳಿಗೆ ಹೋಗುವ ಪಾಲು ಎಷ್ಟು ಎಂಬುದನ್ನು ತಿಳಿದಿರುವುದು ರೈತ ಬಾಂಧವರಿಗೆ ಲಾಭದಾಯಕ.

ದನ, ಎಮ್ಮೆ, ಕುರಿ, ಆಡುಗಳು ಮೆಲುಕು ಹಾಕುವ ಪ್ರಾಣಿಗಳು. ಇವುಗಳ ಹೊಟ್ಟೆಯಲ್ಲಿ ನಾಲ್ಕು ಭಾಗಗಳಿದ್ದು, ಮೊದಲನೆಯ ದೊಡ್ಡ ಭಾಗಕ್ಕೆ ರೂಮೆನ್ ಎಂದು ಹೆಸರು. ಇದನ್ನು ಒಂದು ದೊಡ್ಡ ಹುದುಗಿನ ಮಡಕೆ ಎಂದುಕೊಂಡರೆ ವಿಷಯ ಸುಲಭವಾಗಿ ತಿಳಿಯುತ್ತದೆ. ಸುಮಾರು 39 ಡಿಗ್ರಿ ಸೆಲ್ಸಿಯಸ್ ಶಾಖ, ಸದಾ ತೇವ, ಗಾಳಿಯ ಸಂಪರ್ಕವಿಲ್ಲದ ಈ ಮಡಕೆಯಲ್ಲಿ ಎಣಿಸಲಾರದಷ್ಟು ಸೂಕ್ಷ್ಮಾಣುಜೀವಿಗಳು ವಾಸಿಸುತ್ತವೆ. ಹುಲ್ಲಿನ ನಾರನ್ನು ಒಡೆಯುವ ಶಕ್ತಿ ದನಕ್ಕೆ ಸ್ವಂತವಾಗಿ ಇಲ್ಲ. ಆ ಕೆಲಸ ಮಾಡುವವು ಈ ಜೀವಿಗಳೇ. ಅವು ನಾರನ್ನು ಹುದುಗಿಸಿ ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್ ಎಂಬ ಆಮ್ಲಗಳನ್ನಾಗಿ ಮಾರ್ಪಡಿಸುತ್ತವೆ. ದನವು ಈ ಆಮ್ಲಗಳನ್ನು ಹೀರಿಕೊಂಡು ಶಕ್ತಿಯನ್ನು ಪಡೆಯುತ್ತದೆ. ಸತ್ತು ಮುಂದೆ ಸಾಗುವ ಸೂಕ್ಷ್ಮಾಣುಗಳನ್ನು ಜೀರ್ಣಿಸಿಕೊಂಡು ಸಸಾರಜನಕವನ್ನು ಪಡೆಯುತ್ತದೆ. ಆದುದರಿಂದ ನಾವು ಗೋದಲಿಗೆ ಹಾಕುವ ಮೇವು ಮೊದಲು ಈ ಜೀವಿಗಳಿಗೆ, ಆಮೇಲೆ ದನಕ್ಕೆ.

ಹುದುಗುವಿಕೆಯಲ್ಲಿ ಜಲಜನಕ ಬಿಡುಗಡೆಯಾಗುತ್ತದೆ. ಇದು ಹೊಟ್ಟೆಯಲ್ಲಿ ಶೇಖರವಾದರೆ ಹುದುಗುವ ಕೆಲಸವೇ ಕುಂಠಿತವಾಗುತ್ತದೆ. ರೂಮೆನ್‌ನಲ್ಲಿರುವ ಇನ್ನೊಂದು ಜಾತಿಯ ಸೂಕ್ಷ್ಮಾಣುಗಳು ಈ ಜಲಜನಕವನ್ನು ಇಂಗಾಲದ ಡೈಆಕ್ಸೈಡ್‌ನೊಂದಿಗೆ ಕೂಡಿಸಿ ಮೀಥೇನ್ ಅನಿಲವನ್ನು ಮಾಡುತ್ತವೆ. ನೀರು ನಿಂತ ಗದ್ದೆಯ ಕೆಸರನ್ನು ತುಳಿದಾಗ ಗುಳುಗುಳು ಎಂದು ಏಳುವ ಗುಳ್ಳೆಗಳಲ್ಲಿಯೂ ಇಂಥ ಜೀವಿಗಳೇ ಮಾಡಿದ ಮೀಥೇನ್ ಇರುತ್ತದೆ. ಈ ಅನಿಲ ದನದ ಹಿಂಭಾಗದಿಂದ ಹೋಗುತ್ತದೆ ಎಂದು ಹಲವರು ನಗೆಯಾಡುವುದುಂಟು. ವಾಸ್ತವವಾಗಿ ಬಹುಪಾಲು ಹೊರಬೀಳುವುದು ತೇಗು ಮತ್ತು ಉಸಿರಿನ ಮೂಲಕ, ಮೆಲುಕು ಹಾಕುತ್ತಾ ಮಲಗಿರುವಾಗಲೂ.

ನಾರು ಹೆಚ್ಚಾದ ಮೇವಿನಲ್ಲಿ ಅಸಿಟಿಕ್ ಆಮ್ಲ ಹೆಚ್ಚು, ಜಲಜನಕವೂ ಹೆಚ್ಚು, ಆದ್ದರಿಂದ ಮೀಥೇನ್ ಹೆಚ್ಚು. ಪಿಷ್ಟ ಹೆಚ್ಚಾದ ಆಹಾರದಲ್ಲಿ ಪ್ರೊಪಿಯೋನಿಕ್ ಆಮ್ಲ ಹೆಚ್ಚುತ್ತದೆ. ಇದು ತಯಾರಾಗುವಾಗ ಜಲಜನಕವನ್ನು ಬಳಸಿಕೊಳ್ಳುವುದರಿಂದ ಮೀಥೇನ್‌ಗೆ ಉಳಿಯುವುದು ಕಡಿಮೆ. ಒಣಹುಲ್ಲನ್ನೇ ನಂಬಿದ ದನಗಳಲ್ಲಿ ಮೇವಿನ ಒಟ್ಟು ಶಕ್ತಿಯ ಸುಮಾರು ಶೇಕಡಾ 6.5 ಭಾಗ ಮೀಥೇನ್ ಆಗಿ ಹೋಗುತ್ತದೆ ಎಂದು ಹಿಡಿಯುವುದು ವಾಡಿಕೆ. ಮಾಂಸಕ್ಕಾಗಿ ದನಗಳನ್ನು ಕೊಬ್ಬಿಸುವ ಅಮೆರಿಕದಂಥ ದೇಶಗಳಲ್ಲಿ ಕೊನೆಯ ಕೆಲವು ತಿಂಗಳು ಶೇಕಡಾ 90ರವರೆಗೆ ಧಾನ್ಯವನ್ನೇ ತಿನ್ನಿಸುತ್ತಾರೆ. ಅಲ್ಲಿ ಈ ನಷ್ಟ ಶೇಕಡಾ 3ರ ಆಸುಪಾಸು.

ಈಗ ನಮ್ಮ ಕೊಟ್ಟಿಗೆಯ ಲೆಕ್ಕವನ್ನು ನೋಡೋಣ. ಒಂದು ಮಿಶ್ರತಳಿ ಹಸು ದಿನಕ್ಕೆ ಒಣತೂಕದಲ್ಲಿ 9 ಕಿಲೋ ಮೇವು ತಿಂದು 4 ಲೀಟರ್ ಹಾಲು ಕೊಡುತ್ತದೆ ಎಂದಿಟ್ಟುಕೊಳ್ಳಿ. ಶೇಕಡಾ 6.5ರ ಪ್ರಕಾರ ಸುಮಾರು 585 ಗ್ರಾಂ ಮೇವಿನ ಶಕ್ತಿ ಗಾಳಿಗೆ ಹೋಯಿತು. ವರ್ಷಕ್ಕೆ ಇದು ಎರಡು ಕ್ವಿಂಟಾಲ್‌ಗೂ ಮೀರಿದ ಮೇವು! ಅನಿಲದ ತೂಕದಲ್ಲಿ ಹೇಳುವುದಾದರೆ ದಿನಕ್ಕೆ ಸುಮಾರು 194 ಗ್ರಾಂ, ಅಂದರೆ ಲೀಟರ್ ಹಾಲಿಗೆ 48 ಗ್ರಾಂ. ಅದೇ ಹಸುವಿಗೆ ಸಮತೋಲನದ ಮೇವು ಕೊಟ್ಟು, ಅದು 10 ಕಿಲೋ ತಿಂದು 8 ಲೀಟರ್ ಹಾಲು ಕೊಟ್ಟರೆ, ನಷ್ಟ ಶೇಕಡಾ 6ಕ್ಕೆ ಇಳಿದರೂ ಅನಿಲ ದಿನಕ್ಕೆ 199 ಗ್ರಾಂ ಆಗುತ್ತದೆ. ಒಟ್ಟು ಅನಿಲ ತುಸು ಹೆಚ್ಚಾಯಿತು, ಆದರೆ ಲೀಟರ್ ಹಾಲಿಗೆ 25 ಗ್ರಾಂಗೆ ಇಳಿಯಿತು. ಮೇವು ಸುಧಾರಿಸಿದ ಮಾತ್ರಕ್ಕೆ ವಾತಾವರಣ ತಂಪಾಗುತ್ತದೆ ಎಂದು ಹೇಳುವವರು ಈ ಲೆಕ್ಕವನ್ನು ಗಮನಿಸಬೇಕು. ಎರಡು ಹಸುಗಳಿಂದ ಸಿಗುತ್ತಿದ್ದ ಹಾಲು ಒಂದೇ ಹಸುವಿನಿಂದ ಸಿಕ್ಕಿ, ಎರಡನೆಯದನ್ನು ಕಟ್ಟುವ ಅಗತ್ಯ ಬೀಳದಿದ್ದಾಗ ಮಾತ್ರ ಗಾಳಿಗೆ ನಿಜವಾದ ಉಪಕಾರವಾಗುತ್ತದೆ.

ಮೀಥೇನ್ ಒಂದು ಕಿಲೋ ಬಿಟ್ಟರೆ ನೂರು ವರ್ಷಗಳ ಅವಧಿಯ ಲೆಕ್ಕದಲ್ಲಿ ಸುಮಾರು 27 ಕಿಲೋ ಇಂಗಾಲದ ಡೈಆಕ್ಸೈಡ್‌ನಷ್ಟು ಶಾಖವನ್ನು ಹಿಡಿದಿಡುತ್ತದೆ. ಆದರೆ ಅದು ವಾತಾವರಣದಲ್ಲಿ ಉಳಿಯುವುದು ಸುಮಾರು 12 ವರ್ಷ ಮಾತ್ರ. ಇಂದು ಕಡಿಮೆ ಮಾಡಿದರೆ ಅದರ ಫಲವನ್ನು ಇದೇ ತಲೆಮಾರಿನವರು ಕಾಣಬಹುದು.

ಮಲೆನಾಡು ಗಿಡ್ಡ ತಳಿಯ ಬಗ್ಗೆ ಇಲ್ಲಿ ಒಂದು ಮಾತು. 2012ರಲ್ಲಿ ಪ್ರತ್ಯೇಕ ತಳಿಯೆಂದು ಮಾನ್ಯತೆ ಪಡೆದ ಈ ಹಸು 80ರಿಂದ 120 ಕಿಲೋ ತೂಗುತ್ತದೆ. ದಿನಕ್ಕೆ 3 ಕಿಲೋ ಒಣಮೇವು ತಿಂದು ಒಂದೂವರೆ ಲೀಟರ್ ಹಾಲು ಕೊಡುವ ಗಿಡ್ಡ ಹಸುವಿಗೆ ಮೇಲಿನ ಲೆಕ್ಕವನ್ನೇ ಹಾಕಿದರೆ ಲೀಟರಿಗೆ 43 ಗ್ರಾಂ ಬರುತ್ತದೆ. ಬರೀ ಹುಲ್ಲು ತಿನ್ನಿಸಿದ ಮಿಶ್ರತಳಿಗಿಂತ ಅದು ಕೆಟ್ಟದ್ದಲ್ಲ. ಮೇವು ಒದಗಿಸಲಾಗದವರು ದೊಡ್ಡ ಹಸುವನ್ನು ತರುವುದು ಜಾಣತನವಲ್ಲ ಎಂಬುದು ನನ್ನ ಅಭಿಪ್ರಾಯ.

ಧಾನ್ಯದಿಂದ ಅಪಾಯ

ಧಾನ್ಯದಿಂದ ಮೀಥೇನ್ ಇಳಿಯುತ್ತದೆ ಎಂದು ಓದಿದವರು ಕೂಡಲೇ ಮೆಕ್ಕೆಜೋಳದ ಚೀಲ ಬಿಚ್ಚಬಾರದು. ಪಿಷ್ಟವು ರೂಮೆನ್‌ನಲ್ಲಿ ಬಹಳ ಬೇಗ ಹುದುಗಿ ಹುಳಿಯನ್ನು ಹೆಚ್ಚಿಸುತ್ತದೆ. ನಾರು ಒಡೆಯುವ ಜೀವಿಗಳಿಗೆ ಹುಳಿ ಆಗದು. ಒಮ್ಮೆಲೇ ಹೆಚ್ಚು ಧಾನ್ಯ ಹೊಟ್ಟೆಗೆ ಬಿದ್ದರೆ ಲ್ಯಾಕ್ಟಿಕ್ ಆಮ್ಲ ಮಾಡುವ ಜೀವಿಗಳು ಮೇಲುಗೈ ಪಡೆಯುತ್ತವೆ; ರಕ್ತದ ನೀರು ರೂಮೆನ್ ಕಡೆಗೆ ಎಳೆಯಲ್ಪಡುತ್ತದೆ; ದನ ಮೇವು ಬಿಟ್ಟು, ಮೆಲುಕು ನಿಲ್ಲಿಸಿ, ಹುಳಿನಾತದ ತೆಳುಸಗಣಿ ಹಾಕುತ್ತಾ ನೆಲ ಹಿಡಿಯುತ್ತದೆ. ಒಂದೆರಡು ದಿನಗಳಲ್ಲಿ ಸಾಯುವುದೂ ಉಂಟು. ಬದುಕಿದರೂ ಗೊರಸಿನ ಉರಿಯೂತದಿಂದ ಕುಂಟುವುದನ್ನು ಕಾಣಬಹುದು.

ನಮ್ಮ ಸೀಮೆಯಲ್ಲಿ ಇದಕ್ಕೆ ಸಂದರ್ಭಗಳು ಹಲವು. ಕಣದಲ್ಲಿ ರಾಶಿ ಮಾಡಿದ ಮೆಕ್ಕೆಜೋಳಕ್ಕೆ ರಾತ್ರಿ ಹಗ್ಗ ಬಿಚ್ಚಿಕೊಂಡ ದನ ಬಾಯಿ ಹಾಕುವುದು ಒಂದು. ದೀಪಾವಳಿಯ ಗೋಪೂಜೆಯ ದಿನ ಪ್ರೀತಿಯಿಂದ ಅನ್ನ, ಹೋಳಿಗೆ, ಪಾಯಸಗಳನ್ನು ಬುಟ್ಟಿಗಟ್ಟಲೆ ತಿನ್ನಿಸುವುದು ಇನ್ನೊಂದು. ಮನೆಮಂದಿಯೆಲ್ಲ ಒಂದೊಂದು ತುತ್ತು ಎಂದು ಕೊಟ್ಟರೂ ಹಸುವಿಗೆ ಲೆಕ್ಕ ಒಟ್ಟಿನದೇ. ಮೂರನೆಯದಾಗಿ, ಹೋರಿ ಬೆದರಿಸುವ ಸ್ಪರ್ಧೆಗೆ ಹೋರಿಗಳನ್ನು ತಯಾರು ಮಾಡುವವರು ಕಾಳು, ಹಿಂಡಿ, ಹತ್ತಿಕಾಳುಗಳನ್ನು ಏಕಾಏಕಿ ಹೆಚ್ಚಿಸುವುದು. ಹೋರಿಗೆ ಧಾನ್ಯ ಕೊಡಬಾರದೆಂದಲ್ಲ. ಎರಡು ಮೂರು ವಾರಗಳ ಅವಧಿಯಲ್ಲಿ ಸ್ವಲ್ಪ ಸ್ವಲ್ಪವೇ ಏರಿಸುತ್ತಾ, ದಿನದ ಪಾಲನ್ನು ಎರಡು ಮೂರು ಹೊತ್ತಿಗೆ ಹಂಚಿ, ಮೊದಲು ಹುಲ್ಲು ತಿನ್ನಿಸಿ ಆಮೇಲೆ ಕಾಳು ಕೊಡತಕ್ಕದ್ದು. ಹುಲ್ಲನ್ನು ಅಗಿಯುವಾಗ ಸುರಿಯುವ ಜೊಲ್ಲಿನಲ್ಲಿ ಸೋಡಾದ ಅಂಶವಿರುತ್ತದೆ. ಅದೇ ಹೊಟ್ಟೆಯ ಹುಳಿಯನ್ನು ಮುರಿಯುವ ಮದ್ದು. ಹುಡಿಯಂತೆ ಸಣ್ಣಗೆ ಮಾಡಿದ ಮೇವಿಗೆ ಅಗಿತ ಕಡಿಮೆ, ಜೊಲ್ಲೂ ಕಡಿಮೆ. ಹೆಚ್ಚು ಧಾನ್ಯ ತಿಂದಿದೆ ಎಂಬ ಅನುಮಾನ ಬಂದ ಕೂಡಲೆ, ಲಕ್ಷಣಗಳಿಗೆ ಕಾಯದೆ, ಪಶುವೈದ್ಯರನ್ನು ಕರೆಸಬೇಕು.

ಬಣವೆಯ ಹುಲ್ಲನ್ನೇ ಸುಧಾರಿಸುವುದು

ಭತ್ತದ ಹುಲ್ಲಿನಲ್ಲಿ ಸಸಾರಜನಕ ಶೇಕಡಾ 3ರಿಂದ 4 ಮಾತ್ರ. ರೂಮೆನ್ ಜೀವಿಗಳು ಚುರುಕಾಗಿ ಕೆಲಸ ಮಾಡಲು ಮೇವಿನಲ್ಲಿ ಕನಿಷ್ಠ ಶೇಕಡಾ 7 ಆದರೂ ಬೇಕು. ಕೊರತೆ ಇದ್ದರೆ ಹುಲ್ಲು ಹೊಟ್ಟೆಯಲ್ಲೇ ಹೆಚ್ಚು ಹೊತ್ತು ಕುಳಿತಿರುತ್ತದೆ, ದನ ಹೊಟ್ಟೆ ತುಂಬಿದ್ದೂ ಬಡವಾಗುತ್ತದೆ. ಇದರ ಜೊತೆಗೆ ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚು. ಬೇಸಾಯಶಾಸ್ತ್ರದವರು ಗಮನಿಸಬೇಕಾದ ಅಂಶವೆಂದರೆ, ಈ ಸಿಲಿಕಾ ಕಾಂಡಕ್ಕಿಂತ ಎಲೆಯಲ್ಲಿ ಹೆಚ್ಚು; ಬೇರೆ ಧಾನ್ಯಗಳ ಹುಲ್ಲಿಗೆ ವಿರುದ್ಧವಾಗಿ ಭತ್ತದಲ್ಲಿ ಕಾಂಡವೇ ಚೆನ್ನಾಗಿ ಜೀರ್ಣವಾಗುತ್ತದೆ. ಯಂತ್ರದಲ್ಲಿ ಎತ್ತರಕ್ಕೆ ಕೊಯ್ದು ಕೂಳೆಯನ್ನು ಗದ್ದೆಯಲ್ಲಿ ಬಿಟ್ಟಾಗ ಒಳ್ಳೆಯ ಭಾಗವನ್ನೇ ಬಿಟ್ಟಂತಾಯಿತು. ಮೇವು ಬೇಕಾದವರು ಆದಷ್ಟು ತಗ್ಗಿಗೆ ಕೊಯ್ಯಿಸುವುದು ಲೇಸು.

ಯೂರಿಯಾ ಉಪಚಾರ ಹಳೆಯ ವಿಧಾನವಾದರೂ ಇದಕ್ಕಿಂತ ಅಗ್ಗದ್ದು ನನಗೆ ತಿಳಿದಂತೆ ಬೇರೆ ಇಲ್ಲ. 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಹುಲ್ಲನ್ನು ಪದರ ಪದರವಾಗಿ ಹರಡಿ ಸಮನಾಗಿ ಚಿಮುಕಿಸಿ, ಚೆನ್ನಾಗಿ ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಮೂರು ವಾರ ಬಿಡಬೇಕು. ಯೂರಿಯಾದಿಂದ ಹುಟ್ಟುವ ಅಮೋನಿಯಾ ನಾರಿನ ಬಿಗಿಯನ್ನು ಸಡಿಲಿಸುತ್ತದೆ, ಸಸಾರಜನಕವನ್ನು ಶೇಕಡಾ 7ರ ಮೇಲಕ್ಕೆ ತರುತ್ತದೆ. ಬೇಕಾದಷ್ಟನ್ನೇ ತೆಗೆದು, ಘಾಟು ಹೋಗುವಂತೆ ಗಂಟೆ ಹೊತ್ತು ಹರಡಿ, ಮೊದಲು ಮಾಮೂಲು ಹುಲ್ಲಿನೊಂದಿಗೆ ಬೆರೆಸಿ ರೂಢಿ ಮಾಡಿಸಿ. ಆರು ತಿಂಗಳೊಳಗಿನ ಕರುಗಳಿಗೆ ಕೊಡಬಾರದು. ಯೂರಿಯಾವನ್ನು ಕಲಗಚ್ಚಿನಲ್ಲಿ ಕದಡಿ ಕುಡಿಸುವುದು, ಹುಲ್ಲಿನ ಮೇಲೆ ಉದುರಿಸಿ ಹಾಗೆಯೇ ತಿನ್ನಿಸುವುದು ದನವನ್ನು ಕೈಯಾರೆ ಕೊಂದಂತೆ. ನಮ್ಮ ಮಳೆಗೆ ಈ ಕೆಲಸ ಕೊಯ್ಲಾದ ಮೇಲಿನ ಡಿಸೆಂಬರ್, ಜನವರಿಯಲ್ಲಿ ಅನುಕೂಲ. ಬೂಷ್ಟು ಹಿಡಿದ ಹುಲ್ಲಿಗೆ ಯಾವ ಉಪಚಾರವೂ ಬೇಡ, ಅದು ಗೊಬ್ಬರಗುಂಡಿಗೆ.

ಯೂರಿಯಾ ಬೇಡವೆನ್ನುವವರಿಗೆ ದ್ವಿದಳ ಮೇವು ಇದೆ. ಭತ್ತದ ಕೊಯ್ಲಿನ ನಂತರ ಗದ್ದೆಯಲ್ಲಿ ಉಳಿದ ತೇವದಲ್ಲಿಯೇ ಅಲಸಂದೆ ಅಥವಾ ಹುರುಳಿ ಬಿತ್ತಬಹುದು. ಬೇಲಿಯಲ್ಲಿ ಗೊಬ್ಬರದ ಗಿಡ, ಹಿತ್ತಿಲಿನಲ್ಲಿ ನುಗ್ಗೆ, ಅಗಸೆ ಬೆಳೆಸಬಹುದು. ಮೆಕ್ಕೆಜೋಳದವರು ಸ್ವಲ್ಪ ಜಾಗದ ಬೆಳೆಯನ್ನು ಕಾಳು ಹಾಲುಗಟ್ಟಿ ಗಟ್ಟಿಯಾಗುವ ಹಂತದಲ್ಲಿ ಕತ್ತರಿಸಿ ರಸಮೇವು ಮಾಡಿಕೊಂಡರೆ ಬೇಸಿಗೆಗೆ ಆಧಾರ. ಅಕ್ಕಿತೌಡಿನ ಎಣ್ಣೆಯೂ ಮೀಥೇನನ್ನು ತಗ್ಗಿಸುತ್ತದೆ, ಆದರೆ ಒಟ್ಟು ಮೇವಿನಲ್ಲಿ ಕೊಬ್ಬು ಶೇಕಡಾ 6 ಮೀರಿದರೆ ನಾರಿನ ಜೀರ್ಣಕ್ಕೆ ಅಡ್ಡಿಯಾಗುತ್ತದೆ.

ಒಗರಿನ ಅಂಶವಾದ ಟ್ಯಾನಿನ್‌ಗೆ ಮೀಥೇನ್ ಮಾಡುವ ಜೀವಿಗಳನ್ನು ಹತ್ತಿಕ್ಕುವ ಗುಣವಿದೆ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯವರು ಟ್ಯಾನಿನ್ ಇರುವ ಸಸ್ಯಗಳಿಂದ ತಯಾರಿಸಿದ ‘ಹರಿತ್ ಧಾರಾ’ ಎಂಬ ಪೂರಕ ಆಹಾರವನ್ನು 2021ರಲ್ಲಿ ಹೊರತಂದರು. ಇದರಿಂದ ಮೀಥೇನ್ ಶೇಕಡಾ 17ರಿಂದ 20ರಷ್ಟು ತಗ್ಗುವುದೆಂದು ಸಂಸ್ಥೆ ತಿಳಿಸಿದೆ. ಕಾನಿನ ಅಂಚಿನಲ್ಲಿ ಸೊಪ್ಪು ಸದೆ ಮೇಯುವ ದನಗಳಿಗೆ ಒಂದಿಷ್ಟು ಟ್ಯಾನಿನ್ ತಾನಾಗಿಯೇ ಸಿಗುತ್ತದೆ. ಆದರೆ ಒಗರು ಅತಿಯಾದರೆ ದನ ಮೇವು ತಿನ್ನುವುದೇ ಕಡಿಮೆಯಾಗುತ್ತದೆ, ಸಸಾರಜನಕವೂ ದಕ್ಕದೆ ಸಗಣಿಯಲ್ಲಿ ಹೋಗುತ್ತದೆ. ಮನೆಯಲ್ಲಿಯೇ ಯಾವುದೋ ತೊಗಟೆಯನ್ನು ಕುಟ್ಟಿ ಹಾಕುವ ಪ್ರಯೋಗಕ್ಕೆ ಇಳಿಯಬೇಡಿ.

ಸಗಣಿಯಲ್ಲಿ ಉಳಿದ ಜೀರ್ಣವಾಗದ ಅಂಶವೂ ನೀರು ನಿಂತ ಗುಂಡಿಯಲ್ಲಿ ಕೊಳೆತರೆ ಮೀಥೇನ್ ಆಗುತ್ತದೆ. ಗೊಬ್ಬರಗುಂಡಿಗೆ ಮಳೆನೀರು ಹರಿದು ಬರದಂತೆ ಸುತ್ತ ಬದು ಹಾಕಿ, ಮೇಲೆ ಅಡಿಕೆ ಸೋಗೆಯ ಚಪ್ಪರ ಮಾಡಿದರೆ ಅನಿಲವೂ ಕಡಿಮೆ, ಗಂಜಲದ ಸಾರವೂ ತೊಳೆದು ಹೋಗುವುದಿಲ್ಲ. ನಾಲ್ಕೈದು ದನಗಳಿರುವವರು ಗೋಬರ್ ಗ್ಯಾಸ್ ಕಟ್ಟಿಸಿಕೊಂಡರೆ ಇದೇ ಮೀಥೇನ್ ಒಲೆಯಲ್ಲಿ ಉರಿಯುತ್ತದೆ. ಹೊರಬರುವ ಬಗ್ಗಡವನ್ನು ಮೇವಿನ ಹುಲ್ಲಿನ ಸಾಲುಗಳಿಗೆ ನೇರವಾಗಿ ಹರಿಸಬಹುದು.